ಅರ್ಜಿ ಎಲ್ಲಿ ಕೊಡಬೇಕು?

2025ರ ಫೆಬ್ರವರಿ ಮೊದಲ ವಾರ. ಬೆಳಗಿನ ಟೀಮ್ ಮೀಟಿಂಗ್ ನಡೆದಿತ್ತು. ಹಾನಗಲ್ಲಿನಿಂದ ಅಕ್ಕನ ಫೋನು, ಅಂದ್ರೆ ನಮ್ಮ ದೊಡ್ಡಪ್ಪನ ಮಗಳು. ಕ್ಯಾಮೆರಾ ಆಫ್ ಮಾಡಿ ಎತ್ತಿದೆ.

"ತಮ್ಮಾ, ಸರ್ಕಾರದವರು ದಯಾಮರಣಕ್ಕ ಪರ್ಮಿಷನ್ ಕೊಟ್ಟಾರಂತಲ್ಲ. ಅಪ್ಪ ಪೇಪರ್ ಓದಿ ಕೇಳಾಕತ್ತಾನ. ಅರ್ಜಿ ಎಲ್ಲಿ ಕೊಡಬೇಕು ನೋಡಿ ಹೇಳು."

ಪಹಣಿ ತಿದ್ದುಪಡಿಗೆ ಎಲ್ಲಿ ಅರ್ಜಿ ಕೊಡಬೇಕು ಅಂತ ಕೇಳಿದ ಹಾಗೇ ಇತ್ತು ಧ್ವನಿ. ಅಳು ಇರಲಿಲ್ಲ. ದೊಡ್ಡಪ್ಪನಿಗೆ ಬಾಯಿ ಕ್ಯಾನ್ಸರ್. ನಲವತ್ತು ವರ್ಷ ಸವಣೂರಿನ ಎಲೆಯಲ್ಲಿ ತಂಬಾಕು ಸುತ್ತಿ ದವಡೆಗೆ ಒತ್ತಿಟ್ಟುಕೊಂಡ ಮನುಷ್ಯ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯ್ತು, ರೇಡಿಯೇಷನ್ ಆಯ್ತು, ಎಂಟು ತಿಂಗಳಿಗೆ ಗಡ್ಡೆ ತಿರುಗಿ ಬಂತು. "ಇನ್ನ ಮಾಡೂದು ಏನೂ ಇಲ್ಲ, ಮನಿಗೆ ಕರಕೊಂಡು ಹೋಗ್ರಿ" ಅಂದರು. ಕರಕೊಂಡು ಬಂದರು. ಆವತ್ತಿನಿಂದ ಅವರು ಮಲಗಿಲ್ಲ, ಮನೆಯವರನ್ನೂ ಮಲಗಲು ಬಿಟ್ಟಿಲ್ಲ.

"ನೋಡಿ ಹೇಳ್ತೀನಿ ಅಕ್ಕ" ಅಂದೆ. ಆಮೇಲೆ ನಾಲ್ಕು ತಿಂಗಳು ನೋಡುತ್ತಲೇ ಇದ್ದೆ. ಈ ಬರಹ ಆ ನೋಡುವಿಕೆಯ ಲೆಕ್ಕ.

ಮೊದಲು ಸುದ್ದಿಯನ್ನೇ ಸರಿಪಡಿಸೋಣ, ಯಾಕಂದ್ರೆ ಗೊಂದಲ ಶುರುವಾದದ್ದು ತಲೆಬರಹಗಳಿಂದ. ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಒಂದು ಸುತ್ತೋಲೆ ಹೊರಡಿಸಿತು. 'ಘನತೆಯಿಂದ ಸಾಯುವ ಹಕ್ಕಿ'ನ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ, 2023ರಲ್ಲಿ ಸರಳಗೊಳಿಸಿದ ತೀರ್ಪನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಆದೇಶ ಅದು. ಗುಣವಾಗುವ ಆಸೆಯೇ ಇಲ್ಲದ, ವೆಂಟಿಲೇಟರಿನಂಥ ಯಂತ್ರದ ಬಲದಲ್ಲಿ ಉಳಿದಿರುವ ರೋಗಿಯ ಚಿಕಿತ್ಸೆಯನ್ನು ನಿಲ್ಲಿಸಲು ದಾರಿ ಅದು. ಆಸ್ಪತ್ರೆಯ ಮೂವರು ವೈದ್ಯರ ಪ್ರಾಥಮಿಕ ಮಂಡಳಿ ನೋಡಬೇಕು, ಇನ್ನೊಂದು ಮಂಡಳಿ ಮತ್ತೆ ನೋಡಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಷ್ಟೇ. ಇಂಜೆಕ್ಷನ್ ಕೊಟ್ಟು ಸಾಯಿಸುವ ಮಾತು ಅದರಲ್ಲಿಲ್ಲ. ವೈದ್ಯರು ಔಷಧಿ ಬರೆದುಕೊಟ್ಟು ರೋಗಿ ತಾನೇ ನುಂಗಿ ಸಾಯುವ ಮಾತೂ ಇಲ್ಲ. ಅಂಥ ನೆರವು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ; ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಕುಮ್ಮಕ್ಕು, ಹತ್ತು ವರ್ಷದ ತನಕ ಜೈಲು.

ಆದರೆ ಪೇಪರಿನಲ್ಲಿ ಬಂದದ್ದೇ ಬೇರೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಎರಡು ದಶಕಕ್ಕೂ ಹೆಚ್ಚು ಕಾಲ ಪತ್ರದ ಮೇಲೆ ಪತ್ರ ಬರೆದು ಈ ಹಕ್ಕಿಗಾಗಿ ಹೋರಾಡಿದವರು. ಅವರೇ ಇದರ ಮೊದಲ 'ಫಲಾನುಭವಿ' ಅಂತ ಬರೆದರು. ಫಲಾನುಭವಿ! ಆಶ್ರಯ ಮನೆ ಹಂಚಿದ ಹಾಗೆ. ಅವರ ಹೋರಾಟದ ಬಗ್ಗೆ ನನಗೆ ಗೌರವವಿದೆ. ಆದರೆ ವೆಂಟಿಲೇಟರಿನ ಮೇಲಿಲ್ಲದ, ನಡೆದಾಡುವ, ಮಾತಾಡುವ ಮನುಷ್ಯರಿಗೆ ಆ ಸುತ್ತೋಲೆಯಲ್ಲಿ ಕೊಡಲು ಏನೂ ಇಲ್ಲ. ದೊಡ್ಡಪ್ಪನಿಗೂ ಇರಲಿಲ್ಲ. ತೆಗೆಯಲು ಅವರ ಮೈಮೇಲೆ ಯಾವ ಯಂತ್ರವಿತ್ತು?

ಹಾಗಂತ ಅಕ್ಕನಿಗೆ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಹಂಗಾರ ಇದು ಐಸಿಯುದಾಗ ಇರೋರಿಗೆ ಅಷ್ಟ ಅನ್ನು" ಅಂದಳು. ಒಂದೇ ಮಾತಿನಲ್ಲಿ ತೀರ್ಪಿನ ಸಾರ ಹೇಳಿಬಿಟ್ಟಳು.

ಐಸಿಯು ಅಂದ ಕೂಡಲೇ ನನಗೆ ನೆನಪಾಗೋದು ನಮ್ಮ ಅಜ್ಜಿ. ನಮ್ಮ ಮನೆತನ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ನಾಲ್ಕು ತಾಲ್ಲೂಕಿಗೆ ಹಂಚಿಹೋಗಿದೆ. 2019ರಲ್ಲಿ ಅಜ್ಜಿಗೆ ಲಕ್ವಾ ಹೊಡೆದು ಒಂದು ಖಾಸಗಿ ಆಸ್ಪತ್ರೆಯ ವೆಂಟಿಲೇಟರಿಗೆ ಹಾಕಿದಾಗ ನಾಲ್ಕೂ ಕಡೆಯವರು ವರಾಂಡದಲ್ಲಿ ಸೇರಿದ್ದರು. ಸವಣೂರಿನ ಅತ್ತಿ "ಇನ್ನೆರಡು ದಿನ ನೋಡೂಣು" ಅಂತ. ಶಿಗ್ಗಾಂವಿ ಮಾವ ಬಿಲ್ಲಿನ ಚೀಟಿ ಹಿಡಿದುಕೊಂಡು ಕೂಡಿಸ್ತಿದ್ದ. ಹಿರೇಕೆರೂರಿನಿಂದ ಬಂದ ನಮ್ಮವ್ವ ಬಾಯಿ ಬಿಡಲಿಲ್ಲ. ಆರನೇ ದಿನ ಮನೆಗೆ ಒಯ್ಯುವ ತೀರ್ಮಾನ ಆಯ್ತು. 'ವೈದ್ಯರ ಸಲಹೆಗೆ ವಿರುದ್ಧವಾಗಿ' ಅನ್ನುವ ಕಾಗದಕ್ಕೆ ದೊಡ್ಡಪ್ಪ ಸಹಿ ಹಾಕಿದ. ಅಂಬುಲೆನ್ಸ್ ತಡಸ ದಾಟಿದ ಮೇಲೆ ಅಜ್ಜಿಯ ಉಸಿರು ನಿಂತಿತು.

ನಿಮ್ಮ ಮನೆಯಲ್ಲೂ ಇಂಥದೊಂದು ಅಂಬುಲೆನ್ಸ್ ಪ್ರಯಾಣ ಇರಬಹುದು. ಸುಪ್ರೀಂ ಕೋರ್ಟ್ ಹೇಳುವ ಮೊದಲೇ ನಮ್ಮೂರುಗಳಲ್ಲಿ ಈ 'ಚಿಕಿತ್ಸೆ ನಿಲ್ಲಿಸುವುದು' ನಡೆದೇ ಇತ್ತು. ಮಂಡಳಿ ಇರಲಿಲ್ಲ, ಮ್ಯಾಜಿಸ್ಟ್ರೇಟ್ ಇರಲಿಲ್ಲ. ಬಿಲ್ಲೇ ಮಂಡಳಿ, ಕ್ಯಾಶ್ ಕೌಂಟರೇ ಮ್ಯಾಜಿಸ್ಟ್ರೇಟ್. ಮೊನ್ನೆಮೊನ್ನೆ ನಮ್ಮ ಜಿಲ್ಲೆಯಲ್ಲೇ, ಸತ್ತರೆಂದು ಮನೆಗೆ ತರುತ್ತಿದ್ದವರೊಬ್ಬರು ದಾರಿಯಲ್ಲಿ ಉಸಿರಾಡಿದ ಸುದ್ದಿ ಓದಿ ಎಲ್ಲರೂ ನಕ್ಕು ಫಾರ್ವರ್ಡ್ ಮಾಡಿದರು. ನನಗೆ ನಗು ಬರಲಿಲ್ಲ. ಅಜ್ಜಿಯನ್ನು ನಾವು ಸಾಯಲು ಬಿಟ್ಟೆವೋ, ಸಾಯಿಸಿದೆವೋ ಅನ್ನೋ ಪ್ರಶ್ನೆ ಆರು ವರ್ಷದಿಂದ ನನ್ನೊಳಗೆ ಕೂತಿದೆ.

ಈ ಪ್ರಶ್ನೆ ನನಗೊಬ್ಬನಿಗೇ ಬಂದದ್ದಲ್ಲ. ಅಮೆರಿಕದ ತತ್ತ್ವಶಾಸ್ತ್ರಜ್ಞ ಜೇಮ್ಸ್ ರೇಚಲ್ಸ್ 1975ರಲ್ಲೇ ಇದನ್ನು ಎತ್ತಿದ. ಆಸ್ತಿ ಆಸೆಗೆ ಒಬ್ಬ ಒಂದು ಮಗುವನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ತಾನೆ. ಇನ್ನೊಬ್ಬ ಅದೇ ಉದ್ದೇಶದಿಂದ ಒಳಗೆ ಬರ್ತಾನೆ; ಮಗು ತಾನೇ ಜಾರಿ ಮುಳುಗುತ್ತದೆ, ಇವನು ಸುಮ್ಮನೆ ನಿಂತು ನೋಡ್ತಾನೆ. ಇಬ್ಬರಲ್ಲಿ ಯಾರು ಕಡಿಮೆ ಪಾಪಿ? ಕೊಲ್ಲೋದು, ಸಾಯಲು ಬಿಡೋದು ಎರಡರ ನಡುವೆ ನೀವು ಎಳೆಯುವ ಗೆರೆ ಅಷ್ಟು ಗಟ್ಟಿಯಲ್ಲ ಅನ್ನೋದು ಅವನ ವಾದ. ಚಿಕಿತ್ಸೆ ನಿಲ್ಲಿಸಿ ದಿನಗಟ್ಟಲೆ ನರಳಲು ಬಿಡೋದಕ್ಕಿಂತ ಬೇಗ ಮುಗಿಸೋದೇ ಕೆಲವೊಮ್ಮೆ ಕರುಣೆ ಅಂತ.

ಆಫೀಸಿನ ಊಟದ ಟೇಬಲ್ಲಿನಲ್ಲಿ ಇದನ್ನು ಹೇಳಿದಾಗ ಗೆಳತಿಯೊಬ್ಬಳು ತಟ್ಟೆ ಸರಿಸಿ ನನ್ನ ಕಡೆ ತಿರುಗಿದಳು. ಬೆಟಗೇರಿಯವಳು, ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾಗಿರುವ ಮನೆತನ. "ಆ ಇಬ್ಬರೂ ಮಗು ಸಾಯ್ಲಿ ಅಂತಾನೇ ಬಂದವರಲ್ಲೋ. ಉದ್ದೇಶ ಒಂದೇ, ಅದಕ್ಕೇ ಪಾಪಾನೂ ಒಂದೇ. ನಿಮ್ಮಜ್ಜಿ ಸಾಯ್ಲಿ ಅಂತ ನೀವು ಮನೆಗೆ ಕರ್ಕೊಂಡು ಹೊರಟ್ರಾ?" ಅಂದಳು. ನಾನು ಉತ್ತರ ಕೊಡಲಿಲ್ಲ. ಆದರೆ ಕ್ರೈಸ್ತ ವಾದವನ್ನು 'ದೇವರು ಕೊಟ್ಟ ಜೀವ, ದೇವರೇ ತಗೋಬೇಕು' ಅನ್ನೋ ಒಂದು ಸಾಲಿಗೆ ಇಳಿಸಿ ಕೈತೊಳೆದುಕೊಂಡಿದ್ದ ನನಗೆ ಆವತ್ತು ನಾಚಿಕೆಯಾಯ್ತು.

ಆ ವಾದ ಆ ಸಾಲಿಗಿಂತ ದೊಡ್ಡದು. 'ಕೊಲ್ಲಬೇಡ' ಅನ್ನೋ ಆಜ್ಞೆ ನಮ್ಮ ಸ್ವಂತ ಜೀವಕ್ಕೂ ಅನ್ವಯಿಸುತ್ತದೆ ಅಂತ ಐದನೇ ಶತಮಾನದಲ್ಲಿ ಅಗಸ್ಟೀನ್ ಹೇಳಿದ. ಹದಿಮೂರನೇ ಶತಮಾನದಲ್ಲಿ ಅಕ್ವಿನಾಸ್ ಮೂರು ಕಾರಣ ಕೊಟ್ಟ: ಜೀವಕ್ಕೆ ತನ್ನ ಮೇಲಿರುವ ಸಹಜ ಪ್ರೀತಿ, ಒಬ್ಬೊಬ್ಬ ಮನುಷ್ಯನೂ ಸಮುದಾಯದ ಭಾಗ ಅನ್ನೋದು, ಜೀವ ದೇವರ ಕೊಡುಗೆ ಅನ್ನೋದು. ಮೂರನೆಯದನ್ನು ನಂಬದವರೂ ಎರಡನೆಯದರ ಹತ್ತಿರ ನಿಂತು ಯೋಚಿಸಬೇಕು. ರೈತರ ಆತ್ಮಹತ್ಯೆಯ ಸುದ್ದಿಯನ್ನು ವರ್ಷವರ್ಷ ಓದುವ ಹಾವೇರಿ ಜಿಲ್ಲೆಯವರಂತೂ ನಿಲ್ಲಲೇಬೇಕು. ಸಾಲ ತೀರದೆ ಸತ್ತವನ ಸಾವನ್ನು ನಾವು 'ಅವನ ಆಯ್ಕೆ' ಅನ್ನುತ್ತೇವಾ? ಇಲ್ಲ. ಊರು, ಬ್ಯಾಂಕು, ಸರ್ಕಾರ ಎಲ್ಲರೂ ಕೈಬಿಟ್ಟರು ಅನ್ನುತ್ತೇವೆ. ಹಾಗಾದರೆ ನೋವು ತಡೆಯದೆ ಸಾವು ಕೇಳುವವನದು ಮಾತ್ರ ಆಯ್ಕೆ ಹೇಗಾಗುತ್ತದೆ?

ಇನ್ನೊಂದು ಸಂಗತಿ ನಮಗೆ ಗೊತ್ತಿರೋದಿಲ್ಲ. ಹೇಗಾದರೂ ಮಾಡಿ ಉಸಿರು ಎಳೆಸುತ್ತಲೇ ಇರಬೇಕು ಅಂತ ಚರ್ಚು ಹೇಳಿಲ್ಲ. 1957ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅರಿವಳಿಕೆ ವೈದ್ಯರ ಮುಂದೆ ಮಾತಾಡುತ್ತ, ಅಸಾಧಾರಣ ಚಿಕಿತ್ಸೆಯನ್ನು ಮುಂದುವರಿಸುವ ಕಡ್ಡಾಯವಿಲ್ಲ ಅಂದ. ನೋವು ಕಡಿಮೆ ಮಾಡುವ ಔಷಧಿಯಿಂದ ಆಯುಸ್ಸು ಕಡಿಮೆಯಾಗುವ ಸಂಭವವಿದ್ದರೂ, ಉದ್ದೇಶ ನೋವು ನೀಗಿಸುವುದಾಗಿದ್ದರೆ ಕೊಡಬಹುದು ಅಂತಲೂ ಹೇಳಿದ. ಅಂದ್ರೆ ನಮ್ಮ ಸುತ್ತೋಲೆಯ ತಿರುಳಿಗೆ ಕ್ಯಾಥೊಲಿಕ್ ಬೋಧನೆಯ ತಕರಾರು ಇರಬೇಕಾಗಿಲ್ಲ. ಅದರ ತಕರಾರು ಇರೋದು ಸಾವನ್ನೇ ಗುರಿಯಾಗಿಟ್ಟುಕೊಂಡ ಕೈಯ ಬಗ್ಗೆ. ಕ್ರೈಸ್ತರೆಲ್ಲ ಅಲ್ಲಿಗೇ ನಿಂತಿಲ್ಲ. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2016ರಲ್ಲಿ, ಸಾಯುವವರಿಗೆ ವೈದ್ಯರ ನೆರವಿನ ಆಯ್ಕೆ ಇರಬೇಕು, ನನಗೂ ಬೇಕು ಅಂದಿದ್ದರು.

ಈ ವಾದದ ದುರ್ಬಲ ಜಾಗವೂ ಇದೆ. ನೋವಿಗೆ ಒಂದು ಅರ್ಥವಿದೆ, ಅದು ಪವಿತ್ರವಾಗಬಹುದು ಅನ್ನೋ ಮಾತನ್ನು ನೋಯುವವನೇ ಹೇಳಿಕೊಂಡರೆ ಅದು ಭಕ್ತಿ. ಮಂಚದ ಪಕ್ಕ ನಿಂತವರು ಹೇಳಿದರೆ ಕ್ರೌರ್ಯ. ನಮ್ಮವರು 'ಅವನ ಕರ್ಮ, ಅನುಭವಿಸಬೇಕು' ಅನ್ನೋದೂ ಇದೇ ಜಾತಿಯ ಮಾತು. ಹೀಗಂದವರು ನಮ್ಮ ಓಣಿಯಲ್ಲೇ ಇದ್ದರು, ದೊಡ್ಡಪ್ಪನ ಎದುರಿಗೇ.

'ನಮ್ಮ ಸಂಸ್ಕೃತಿಯಲ್ಲಿ ಸಾವನ್ನು ಬಯಸೋದೇ ಇಲ್ಲ' ಅನ್ನೋರಿಗೂ ಒಂದು ಮಾತು. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋಗಿ ವೀರಗಲ್ಲು ನೋಡಿ ಬನ್ನಿ. ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ ಹೋಗಿ. ಏಕಾಂತದ ರಾಮಯ್ಯ ಪಂಥ ಕಟ್ಟಿ ತಲೆ ಕತ್ತರಿಸಿಕೊಂಡು ಶಿವನಿಗರ್ಪಿಸಿ ಮರಳಿ ಪಡೆದ ಕಥೆ ಅಲ್ಲಿನ ಶಾಸನದಲ್ಲಿದೆ. ಜೈನರ ಸಲ್ಲೇಖನಕ್ಕೆ ಶ್ರವಣಬೆಳಗೊಳದ ಬೆಟ್ಟವೇ ಸಾಕ್ಷಿ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಅಂದಾಗ ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಬೇಕೆಂದು ಪಡೆದ ಸಾವಿಗೆ ನಾವು ಕಲ್ಲು ನೆಟ್ಟು ಪೂಜಿಸಿದ್ದೇವೆ. ಆದರೆ ಆ ಕಲ್ಲುಗಳಲ್ಲಿ ನೋವು ತಡೆಯಲಾರದೆ ಸತ್ತವರಿಲ್ಲ, ಮಕ್ಕಳಿಗೆ ಹೊರೆಯಾಗಬಾರದು ಅಂತ ಸತ್ತವರಿಲ್ಲ. ಅದಕ್ಕೇ ಇಲ್ಲಿ ಸಂಸ್ಕೃತಿ ಯಾವ ಪಕ್ಷಕ್ಕೂ ಸಾಕ್ಷಿ ಹೇಳೋದಿಲ್ಲ.

ಈಗ ನನ್ನ ಪಕ್ಷಕ್ಕೆ ಬರ್ತೀನಿ. ನಾನು ದೇವರನ್ನು ಬಿಟ್ಟು ಹದಿನೈದು ವರ್ಷ ಆಯ್ತು. ಸೆಕ್ಯುಲರ್ ವಾದ ನನಗೆ ಸಹಜವಾಗಿ ದಕ್ಕುತ್ತದೆ: ಬದುಕು ನನ್ನದು, ಅದರ ಕೊನೆಯ ಪುಟ ಹೇಗಿರಬೇಕು ಅನ್ನೋದೂ ನನ್ನದು. 1997ರಲ್ಲಿ ಡ್ವೊರ್ಕಿನ್, ರಾಲ್ಸ್, ನೋಜಿಕ್ ಸೇರಿ ಆರು ತತ್ತ್ವಶಾಸ್ತ್ರಜ್ಞರು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಕೋರ್ಟ್ ಒಪ್ಪಲಿಲ್ಲ. ಆದರೆ ಅದೇ ವರ್ಷ ಒರೆಗಾನ್ ರಾಜ್ಯದಲ್ಲಿ ಕಾನೂನು ಜಾರಿಗೆ ಬಂತು. ಆರು ತಿಂಗಳಿಗಿಂತ ಹೆಚ್ಚು ಬದುಕಲಾರ ಅಂತ ಇಬ್ಬರು ವೈದ್ಯರು ಹೇಳಿದರೆ, ವಯಸ್ಕ ರೋಗಿ ಔಷಧಿ ಕೇಳಿ ಪಡೆಯಬಹುದು, ತಾನೇ ತಗೋಬೇಕು.

ಆ ಕಾನೂನಿನ ವಾರ್ಷಿಕ ವರದಿಗಳನ್ನು ಓದುವಾಗ ನನಗೊಂದು ಆಶ್ಚರ್ಯ ಕಾದಿತ್ತು. ಜನ ಹೇಳುವ ಕಾರಣಗಳಲ್ಲಿ ನೋವು ಮೊದಲಿಲ್ಲ. ಸ್ವಾಧೀನ ತಪ್ಪೋದು, ಇಷ್ಟದ ಕೆಲಸ ಮಾಡಲಾಗದ್ದು, ಘನತೆ ಹೋಗೋದು ಇವು ಮೇಲಿವೆ. 'ಮನೆಯವರಿಗೆ ಹೊರೆ ಆಗ್ತೀನಿ' ಅನ್ನೋದೂ ಪಟ್ಟಿಯಲ್ಲಿದೆ. ಕೆನಡಾ 2016ರಲ್ಲಿ ಸಾವು ಹತ್ತಿರವಿದ್ದವರಿಗೆ ಬಾಗಿಲು ತೆರೆದು, 2021ರಲ್ಲಿ ಸಾವು ಹತ್ತಿರವಿಲ್ಲದವರಿಗೂ ಅಗಲ ಮಾಡಿತು. ಅದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಅಂಗವಿಕಲರ ಸಂಘಟನೆಗಳಿದ್ದವು. ಅವರ ಮಾತಿಗೆ ದೇವರ ಆಸರೆ ಬೇಕಿಲ್ಲ. ಬದುಕಲು ಬೇಕಾದ್ದನ್ನು ಕೊಡದೆ ಸಾಯಲು ಬೇಕಾದ್ದನ್ನು ಮಾತ್ರ ಕೊಟ್ಟರೆ ಅದನ್ನು ಸ್ವಾತಂತ್ರ್ಯ ಅನ್ನಬೇಡಿ ಅನ್ನುತ್ತಾರೆ.

ಇಲ್ಲಿ ಅರುಣಾ ಶಾನಭಾಗರನ್ನು ನೆನೆಯದೆ ಮುಂದೆ ಹೋಗಲಾಗದು. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದ ಹುಡುಗಿ. 1973ರ ನವೆಂಬರಿನಲ್ಲಿ ಅಲ್ಲಿನ ವಾರ್ಡ್‌ಬಾಯ್ ಮಾಡಿದ ಹಲ್ಲೆಯಿಂದ ಮೆದುಳಿಗೆ ಪೆಟ್ಟಾಗಿ 42 ವರ್ಷ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಕೆಇಎಂ ನರ್ಸುಗಳು ಬೇಡ ಅಂದರು. 2011ರ ಮಾರ್ಚ್ 7ರಂದು ಕೋರ್ಟ್ ವಿರಾನಿಯವರ ಅರ್ಜಿ ತಳ್ಳಿಹಾಕಿತು, ಅರುಣಾ ಪರವಾಗಿ ಮಾತಾಡುವ ಹಕ್ಕು ಅವರನ್ನು ನೋಡಿಕೊಂಡ ಆಸ್ಪತ್ರೆಯವರದು ಅಂದಿತು. ಅದೇ ತೀರ್ಪು ನಿಷ್ಕ್ರಿಯ ದಯಾಮರಣಕ್ಕೆ ಮೊದಲ ಬಾರಿ ದಾರಿಯನ್ನೂ ತೆರೆಯಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು.

ಎರಡೂ ಪಕ್ಷದವರು ಅರುಣಾರನ್ನು ತಮ್ಮ ಸಾಕ್ಷಿ ಅನ್ನುತ್ತಾರೆ. ನನಗೆ ಮುಖ್ಯ ಅನ್ನಿಸೋದು ಬೇರೆ. ಅಷ್ಟು ವರ್ಷ ತಲೆಮಾರು ತಲೆಮಾರಿನ ನರ್ಸುಗಳು ಅವರ ಮೈ ತೊಳೆದು ಉಣ್ಣಿಸಿದರು, ಹಾಗಾಗಿ 'ಬೇಡ' ಅನ್ನುವ ಅಧಿಕಾರ ಅವರಿಗೆ ಬಂತು. ಆರೈಕೆ ಮಾಡದವನ 'ಬೇಡ'ಕ್ಕೆ ಆ ತೂಕವಿಲ್ಲ. ದೇವರ ಹೆಸರಲ್ಲಿ ಹೇಳಿದರೂ ಇಲ್ಲ, ಹಕ್ಕಿನ ಹೆಸರಲ್ಲಿ ನನ್ನಂಥವನು ಬೆಂಗಳೂರಿನಿಂದ ಫೋನಿನಲ್ಲಿ ಹೇಳಿದರೂ ಇಲ್ಲ.

ಮಾರ್ಚಿನಲ್ಲಿ ರಜೆ ಹಾಕಿ ಹಾನಗಲ್ಲಿಗೆ ಹೋದೆ. ದೊಡ್ಡಪ್ಪನ ಔಷಧಿ ಡಬ್ಬಿ ಬಿಚ್ಚಿ ನೋಡಿದರೆ ಪ್ಯಾರಾಸಿಟಮಾಲ್, ಅಸಿಡಿಟಿ ಗುಳಿಗೆ, ಒಂದು ಸಾಧಾರಣ ನೋವಿನ ಗುಳಿಗೆ. ಅಷ್ಟೇ. ದವಡೆ ತೂತು ಬಿದ್ದ ಮನುಷ್ಯನಿಗೆ ಪ್ಯಾರಾಸಿಟಮಾಲ್! ಅವರ ಅರ್ಜಿ ಯಾಕೆ ಹುಟ್ಟಿತು ಅಂತ ಆವಾಗ ಗೊತ್ತಾಯ್ತು.

ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಮಾರ್ಫಿನ್ ಗುಳಿಗೆ ಇದೆ. ದುಬಾರಿಯಲ್ಲ. ಅದಕ್ಕೆ ಬೇಕಾದ ಅಫೀಮು ನಮ್ಮ ದೇಶದಲ್ಲೇ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸಿನ ಮೇಲೆ ಬೆಳೆಯುತ್ತದೆ. ಆದರೆ 1985ರ ಮಾದಕ ವಸ್ತು ಕಾಯ್ದೆಯ ಭಯಕ್ಕೆ ಅಂಗಡಿಯವರು ಇಡಲಿಲ್ಲ, ವೈದ್ಯರು ಬರೆಯಲಿಲ್ಲ. 2014ರಲ್ಲಿ ಕಾಯ್ದೆ ತಿದ್ದಿ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸುಲಭ ಮಾಡಿದರು. ಸುಲಭವಾದದ್ದು ದೊಡ್ಡ ಊರುಗಳಿಗೆ. ನನಗೆ ಅದು ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ, ಮೂರನೇ ಸಲ ಅಲೆದ ಮೇಲೆ. ಅಲ್ಲಿನ ನರ್ಸ್ ಒಬ್ಬರು ಹಾಳೆಯ ಮೇಲೆ ಗಡಿಯಾರ ಬರೆದು ತೋರಿಸಿದರು: "ನಾಕು ತಾಸಿಗೊಂದು. ನೋವು ಬಂದ ಮ್ಯಾಲೆ ಕೊಡೂದಲ್ಲ, ಬರೂದ್ರಾಗ ಕೊಡಬೇಕು. ಹೊಟ್ಟಿ ಕಟ್ಟತೇತಿ, ಅದಕ್ಕ ಈ ಔಷಧ. ಮರೀಬ್ಯಾಡ್ರಿ."

ಗಡಿಯಾರ ನೋಡಿ ಕೊಡುವ ಈ ಕ್ರಮ ರೂಢಿಗೆ ಬಂದದ್ದು ಸಿಸಿಲಿ ಸಾಂಡರ್ಸ್ ಅನ್ನೋ ಬ್ರಿಟಿಷ್ ವೈದ್ಯೆಯಿಂದ. ಮೊದಲು ನರ್ಸ್ ಆಗಿ ಆಮೇಲೆ ವೈದ್ಯೆಯಾದವರು. ಅಪ್ಪಟ ಕ್ರೈಸ್ತಳು, ನೆರವಿನ ಸಾವಿನ ವಿರೋಧಿ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ಕಟ್ಟಿದರು. ದೇಹದ ನೋವು, ಮನಸ್ಸಿನ ನೋವು, ಮನೆಯವರ ಚಿಂತೆ, ಬದುಕಿಗೆ ಅರ್ಥ ಸಿಗದ ಸಂಕಟ ಇವೆಲ್ಲ ಸೇರಿ ಒಂದೇ ನೋವು ಅಂದರು. ನನ್ನ ಮಟ್ಟಿಗೆ ಕ್ರೈಸ್ತ ವಾದದ ಅತ್ಯುತ್ತಮ ರೂಪ ಇದು. 'ಸಾಯಬೇಡ' ಅನ್ನುವ ಮೊದಲು ನಾಲ್ಕು ತಾಸಿಗೊಮ್ಮೆ ಎದ್ದು ಗುಳಿಗೆ ಕೊಡುವುದು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಕ್ಲಿನಿಕ್ ಶುರು ಮಾಡಿ ಅದನ್ನು ಕೇರಳದ ಮನೆಮನೆಗೆ ಮುಟ್ಟಿಸಿದರು, ಅವರಿಗೆ ಅದಕ್ಕೆ ಬೈಬಲ್ ಬೇಕಾಗಲಿಲ್ಲ. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಹಾನಗಲ್ಲಿನಲ್ಲಿ ನಮಗಿದ್ದದ್ದು ಹಾಳೆಯ ಮೇಲಿನ ಆ ಗಡಿಯಾರ.

"ಅಫೀಮ ಕೊಟ್ಟು ಮಲಗಿಸ್ತಾರಂತ" ಅಂತ ಓಣಿಯಲ್ಲಿ ಆಡಿಕೊಂಡರು. ದೊಡ್ಡಪ್ಪ ಮಲಗಿದ್ದು ನಿಜ. ಮೂರನೇ ದಿನ ಎದ್ದು ಕೂತು, ಸೊಟ್ಟ ಬಾಯಲ್ಲೇ, ಕಾಲುವೆಗೆ ನೀರು ಬಿಟ್ಟಾರೇನು ಅಂತ ಕೇಳಿದ. ಅರ್ಜಿಯ ಮಾತು ನಿಂತಿತು.

ಇಲ್ಲಿಗೇ ನಿಲ್ಲಿಸಿದ್ದರೆ ಕಥೆ ಚೆಂದ ಇರ್ತಿತ್ತು. ಆದರೆ ಮೇ ತಿಂಗಳ ಒಂದು ರಾತ್ರಿ, ದೊಡ್ಡವ್ವ ಪಕ್ಕದಲ್ಲೇ ಕೂತು ನಿದ್ದೆ ಹೋಗಿದ್ದಾಗ, ನನ್ನ ಕೈ ಹಿಡಿದು ಮತ್ತೆ ಕೇಳಿದ. "ನೋವು ಇಲ್ಲೋ ತಮ್ಮಾ. ಅಕಿ ನೋಡು, ಸೊರಗಿ ಹೋಗ್ಯಾಳ. ನಂದು ಮುಗಿದ್ರ ಅಕಿ ಮಲಗ್ತಾಳ." ಒರೆಗಾನಿನ ವರದಿಯ ಸಾಲು ಹಾನಗಲ್ಲಿನ ಮಂಚದ ಮೇಲಿತ್ತು. ಮಾರ್ಫಿನ್ನಿಗೆ ಉತ್ತರವಿಲ್ಲದ ಪ್ರಶ್ನೆ ಇದು. ಅವರ ಬುದ್ಧಿ ನೆಟ್ಟಗಿತ್ತು, ಮಾತು ಸ್ಪಷ್ಟವಿತ್ತು. ಸೆಕ್ಯುಲರ್ ವಾದ ಕೇಳುವ ಎಲ್ಲ ಷರತ್ತೂ ಅಲ್ಲಿದ್ದವು. ಆದರೂ 'ಅದು ನಿಮ್ಮ ಹಕ್ಕು ದೊಡ್ಡಪ್ಪ' ಅನ್ನಲು ನನ್ನ ಬಾಯಿ ಬರಲಿಲ್ಲ. 'ದೇವರು ಮೆಚ್ಚಾಂಗಿಲ್ಲ' ಅನ್ನಲೂ ಬರಲಿಲ್ಲ. "ನಾಳಿಯಿಂದ ರಾತ್ರಿ ಪಾಳಿ ನಂದು, ದೊಡ್ಡವ್ವ ಒಳಗ ಮಲಗ್ಲಿ" ಅಂದೆ. ಸವಣೂರಿನ ಅತ್ತಿ ಒಂದು ವಾರ, ಶಿಗ್ಗಾಂವಿ ಮಾವ ಒಂದು ವಾರ, ಅವ್ವ ಹಿರೇಕೆರೂರಿನಿಂದ ಒಂದು ವಾರ ಅಂತ ಪಾಳಿ ಹಚ್ಚಿದೆವು. ಜೂನ್ ಮಳೆಗೆ ದೊಡ್ಡಪ್ಪ ಹೋದ, ಮನೆಯಲ್ಲೇ. ಆ ರಾತ್ರಿಯ ಪ್ರಶ್ನೆಗೆ ಪಾಳಿ ಉತ್ತರವಾಯ್ತೋ, ಅವನು ನಮಗಾಗಿ ಸುಮ್ಮನಾದನೋ ನನಗೆ ಗೊತ್ತಿಲ್ಲ.

ನನ್ನ ನಿಲುವು ಏನು ಅಂತ ಕೇಳಿದರೆ ಇಷ್ಟು. ತತ್ತ್ವದಲ್ಲಿ ನಾನು ಇವತ್ತಿಗೂ ಆಯ್ಕೆಯ ಪರ. ನೋವು ನೀಗಿ, ಹೊರೆ ಹಂಚಿ, ಆಮೇಲೂ ಬೇಡ ಅನ್ನುವವನ ಮುಂದೆ ಕಾನೂನಿನ ಪುಸ್ತಕ ಹಿಡಿದು ನಿಲ್ಲಲು ನನಗೆ ನೈತಿಕ ಕಾರಣ ಕಾಣೋದಿಲ್ಲ. ಆದರೆ ನಮ್ಮ ನಾಲ್ಕು ತಾಲ್ಲೂಕಿಗೆ ನಾಳೆಯೇ ಆ ಕಾನೂನು ಬರುತ್ತದೆ ಅಂದರೆ ನಾನು ವಿರೋಧಿಸುತ್ತೇನೆ. ಪ್ಯಾರಾಸಿಟಮಾಲ್ ಡಬ್ಬಿಯ ಪಕ್ಕ ಆ ಅರ್ಜಿಯನ್ನು ಇಡೋದು ಆಯ್ಕೆ ಕೊಟ್ಟಂತಲ್ಲ, ಕೈತೊಳೆದುಕೊಂಡಂತೆ. ಕ್ರೈಸ್ತರು ಹೇಳುವ 'ಕೈಬಿಡಬೇಡ', ನಮ್ಮವರು ಹೇಳುವ 'ಅವನನ್ನೇ ಕೇಳು' ಎರಡೂ ನನಗೆ ಬೇಕು. ಅಜ್ಜಿಯ ವಿಷಯದಲ್ಲಿ ನಾವು ಎರಡರಲ್ಲಿ ಒಂದನ್ನೂ ಮಾಡಲಿಲ್ಲ. ವರಾಂಡದಲ್ಲಿ ನಿಂತ ಹನ್ನೊಂದು ಜನರಲ್ಲಿ ಯಾರಿಗೂ ಅಜ್ಜಿ ಏನು ಬಯಸಿದ್ದಳು ಅಂತ ಗೊತ್ತಿರಲಿಲ್ಲ, ಗಟ್ಟಿಮುಟ್ಟಾಗಿದ್ದಾಗ ಯಾರೂ ಕೇಳಿರಲಿಲ್ಲ.

ಅದಕ್ಕೇ ಜುಲೈನಲ್ಲಿ ನಾನು ಲಿವಿಂಗ್ ವಿಲ್ ಬರೆದಿಟ್ಟೆ. ಈಗ ಸುಲಭ, ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಅವ್ವನಿಗೂ ಹೇಳಿದೆ. "ಹಂಗೆಲ್ಲ ಬರೀಬಾರ್ದು, ಕೆಟ್ಟದ್ದು" ಅಂದಳು. ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿ, "ನನ್ನ ಮಾತ್ರ ಆ ಪೈಪಿನ್ಯಾಗ ಇಡಬ್ಯಾಡ್ರಿ. ಮನಿಯಾಗ ಇರತೇನಿ" ಅಂದಳು. ಬರೆದುಕೊಂಡೆ.

ಮೊನ್ನೆ ಅಕ್ಕನ ಫೋನು ಮತ್ತೆ. ಓಣಿಯ ಕೊನೆಯ ಮನೆಯಲ್ಲಿ ಒಬ್ಬರಿಗೆ ಅದೇ ಕಾಯಿಲೆ, ರಾತ್ರಿಯೆಲ್ಲ ಒದರುವುದು ಇವರ ಮನೆಗೆ ಕೇಳಿಸುತ್ತದೆ. "ತಮ್ಮಾ, ಅಪ್ಪಗ ತಂದಿದ್ದೆಲ್ಲ, ಆ ಗುಳಿಗಿ. ಅದಕ್ಕ ಎಲ್ಲಿ ಹೋಗಬೇಕು ಅಂತ ಅವರಿಗೊಂದೀಟು ಹೇಳು."

ನಂಬರ್ ಕಳಿಸಿದೆ. ಹಾಳೆಯ ಮೇಲಿನ ಗಡಿಯಾರದ ಫೋಟೊನೂ ಕಳಿಸಿದೆ.